ಕೆಮ್ಮಣ್ಣಿನ ಕಣದ ನಗು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಯಲ್ಲಿ ಕುಸ್ತಿ ನಡೆದಾಗ ಹಲಗಿ ಬಾರಿಸುವವರದು ಒಂದು ಕೆಲಸ, ಮೈಕು ಹಿಡಿದವನದು ಇನ್ನೊಂದು. ಹಲಗಿಯವರು ಪೈಲವಾನರ ರಕ್ತ ಕುದಿಸುತ್ತಾರೆ. ಮೈಕಿನವನು ಪೈಲವಾನರನ್ನು ಹೊಗಳಬೇಕು, ಬಹುಮಾನ ಕೊಟ್ಟವರ ಹೆಸರು ಓದಬೇಕು, ತಪ್ಪಿಸಿಕೊಂಡ ಕೂಸಿನ ತಾಯಿಯನ್ನು ಕರೆಯಬೇಕು, ದಾರಿಗೆ ಅಡ್ಡ ನಿಂತ ಗಾಡಿಯನ್ನೂ ತೆಗೆಸಬೇಕು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಮಾಡಹೋದಾಗ ಏನಾಗುತ್ತದೆ ಎಂಬುದನ್ನು ಮೂಡಲಗಿ ಕಡೆಯ ಒಂದು ಜಾತ್ರೆಯಲ್ಲಿ ಕೇಳಿದ್ದೇನೆ.

“ಕೊಲ್ಲಾಪುರ ತಾಲೀಮಿನ ಪೈಲವಾನ, ಹುಲಿಯಂಥಾ ಗಂಡು, ಬೆನ್ನಹಿಂದ ಹೋಗ್ಯಾನ ನೋಡ್ರಿ, ನಡಾ ಹಿಡದಾನ, ಈಗ ಎತ್ತತಾನ, ಎತ್ತಿದಾ, ಎತ್ತಿದಾ… ಏ, ಆ ಬಿಳಿ ಬೊಲೆರೊ ಯಾರದೈತ್ರೀ, ಮೊದಲ ತಗೀರಿ! ತೇರಿನ ಹಾದ್ಯಾಗ ನಿಲ್ಲಿಸೀರಿ!”

ಮಂದಿ ಅರೆಗಳಿಗೆ ಬೊಲೆರೊ ಕಡೆ ತಿರುಗಿದರು. ಮತ್ತೆ ಕಣದತ್ತ ನೋಡುವಷ್ಟರಲ್ಲಿ ಒಬ್ಬನ ಬೆನ್ನು ಮಣ್ಣಿಗೆ ಹತ್ತಿ ಹೋಗಿತ್ತು. “ಯಾರ ಬಿದ್ರೋ? ಯಾಂವ ಚಿತ್ ಆದಾ?” ಎಂದು ಸಾವಿರ ಬಾಯಿ ಒಮ್ಮೆಲೇ ಕೇಳಿದವು. ಅಷ್ಟರಲ್ಲಿ ಬೊಲೆರೊದ ಮಾಲಕ ಕೀಲಿಕೈ ಹಿಡಿದು ಓಡಿ ಬಂದ. ಗೆದ್ದ ಪೈಲವಾನನಿಗೆ ಬೀಳಬೇಕಿದ್ದ ಸಿಳ್ಳೆಗಳೆಲ್ಲ ಅವನ ಪಾಲಾದವು.

ಜಾತ್ರೆಯ ಕುಸ್ತಿಯನ್ನು ಹುಡುಗನಿದ್ದಾಗಿನಿಂದ ನೋಡುತ್ತ ಬಂದವನು ನಾನು. ಯಾರೂ ಬೇಕೆಂದು ಮಾಡದೆ ಉಕ್ಕುವ ಈ ನಗುವಿನ ಬಗ್ಗೆ ನನಗೆ ಬಹಳ ಪ್ರೀತಿ. ಇದರಿಂದ ಕುಸ್ತಿಯ ಮರ್ಯಾದೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಕಣದಲ್ಲಿ ನಡೆಯುವುದು ಖರೇ ಕುಸ್ತಿ, ಅದಕ್ಕೇ ಅಲ್ಲಿ ಇಂಥ ನಗು ಹುಟ್ಟುತ್ತದೆ.

ನಮ್ಮ ಕಡೆಯ ಜಂಗಿ ಕುಸ್ತಿ ದುಡ್ಡಿನ ಕುಸ್ತಿಯೇ. ಹೆಸರಾಂತ ಪೈಲವಾನರು ಜಾತ್ರೆಯಿಂದ ಜಾತ್ರೆಗೆ ತಿರುಗುತ್ತಾರೆ, ಅದೇ ಅವರ ದುಡಿಮೆ. ಊರ ಪಂಚರು ಮೈಕಟ್ಟು, ತೂಕ, ಹಿಂದಿನ ಗೆಲುವು ನೋಡಿ ಜೋಡಿ ಹಚ್ಚುತ್ತಾರೆ. ದೊಡ್ಡ ಜೋಡಿಗೆ ರೊಕ್ಕದ ಜತೆ ಬೆಳ್ಳಿ ಕಡಗವೋ ಗದೆಯೋ ಸಿಗುತ್ತದೆ. ನಿಕಾಲಿ ಕುಸ್ತಿ ಎಂದರೆ ಒಬ್ಬನ ಬೆನ್ನು ನೆಲಕ್ಕೆ ಹತ್ತಲೇಬೇಕು. ಎರೆ ನೆಲದ ಊರಿನವರು ಕಣಕ್ಕೆಂದೇ ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ಹೇರಿಸಿ, ಅರಿಶಿನ, ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣಿನ ರಸ ಬೆರೆಸಿ ಹದ ಮಾಡುತ್ತಾರೆ. ಈ ಪದ್ಧತಿಯ ದೊಡ್ಡಮನೆ ಕೊಲ್ಲಾಪುರ. ಶಾಹು ಮಹಾರಾಜರು ಅಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ 1912ರದು. ನಡುವೆ ಕಣ, ಸುತ್ತ ಏರುತ್ತ ಹೋಗುವ ಕೂಡುವ ಜಾಗ, ಎಲ್ಲಿ ಕೂತರೂ ಕುಸ್ತಿ ಕಾಣುತ್ತದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಕೊಲ್ಲಾಪುರಕ್ಕೆ ಹೆದ್ದಾರಿ ನೆಟ್ಟಗೆ ಹೋಗುತ್ತದೆ. ಹಾಗಾಗಿ ಆ ಕಡೆಯ ಪೈಲವಾನರು ಈ ಕಡೆ, ಈ ಕಡೆಯ ಹುಡುಗರು ಆ ಕಡೆಯ ತಾಲೀಮಿಗೆ, ತಲೆಮಾರುಗಳಿಂದ ಓಡಾಡಿಕೊಂಡಿದ್ದಾರೆ. ಗಡಿಯ ಊರುಗಳಲ್ಲಿ ಮೈಕಿನವನ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಹೊಗಳುವಾಗ ಮರಾಠಿ ಬರುತ್ತದೆ, ಸಿಟ್ಟು ಬಂದರೆ ಅಚ್ಚ ಕನ್ನಡ.

ನಗು ಮೊದಲು ಏಳುವುದು ಕುಸ್ತಿ ನಿಂತು ಹೋದಾಗ. ಇಬ್ಬರು ಭಾರಿ ಪೈಲವಾನರು ಕುತ್ತಿಗೆಗೆ ಕೈ ಹಾಕಿ, ಹಣೆಗೆ ಹಣೆ ಕೊಟ್ಟು ನಿಲ್ಲುತ್ತಾರೆ. ಇಲ್ಲವೇ ಒಬ್ಬ ಕೆಳಗೆ ಬಿದ್ದು ಹೊಟ್ಟೆಯನ್ನು ಮಣ್ಣಿಗೆ ಒತ್ತಿ ಹಿಡಿಯುತ್ತಾನೆ, ಮೇಲಿನವನು ಅವನನ್ನು ಮಗುಚಲು ಒದ್ದಾಡುತ್ತಾನೆ. ಐದು ನಿಮಿಷ, ಹತ್ತು ನಿಮಿಷ. ಹಲಗಿಯವರ ಕೈ ಸೋಲುತ್ತದೆ. ಆಗ ಹಿಂದಿನಿಂದ ಒಂದು ದನಿ: “ಏ ತಮ್ಮಾ, ಕುಸ್ತಿ ಆಡಾಕ ಬಂದೀಯೋ ಮಲ್ಕೊಳ್ಳಾಕ ಬಂದೀಯೋ? ಹಾಸಿಗಿ ತರ್ಲೇನ?” ಇಡೀ ಮೈದಾನ ನಗುತ್ತದೆ. ಅಡಿಯಲ್ಲಿದ್ದವನ ಭುಜವೂ ಅಲುಗುತ್ತದೆ. ಒಮ್ಮೆ ಹಾಗೆ ನಕ್ಕು ಉಸಿರು ಬಿಟ್ಟ ಗಳಿಗೆಯಲ್ಲೇ ಮೇಲಿನವನು ಘಿಸ್ಸಾ ಪಟ್ಟು ಹಾಕಿ ಮಗುಚಿಬಿಟ್ಟದ್ದನ್ನು ನೋಡಿದ್ದೇನೆ. ಸೋತವನು ಎದ್ದು ಮಣ್ಣು ಕೊಡವಿಕೊಂಡು, ದನಿ ಬಂದ ದಿಕ್ಕಿಗೆ ಕೈ ಮುಗಿದ.

ಹೀಗೆ ನೆಲ ಹಿಡಿದು ಮಲಗುವುದರಲ್ಲಿ ಜಗತ್ತಿನ ದಾಖಲೆ ಇರುವುದು ಲಂಡನ್ನಿನಲ್ಲಿ. 1910ರ ಸೆಪ್ಟೆಂಬರ್ 10ರಂದು ನಮ್ಮ ಗಾಮಾ ಪೈಲವಾನನ ಎದುರು ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಶ್ಕೊ ಇಳಿದ. ಅವನು ಸಾಮಾನ್ಯನಲ್ಲ, ಯುರೋಪಿನ ಮೇಲ್ಪಂಕ್ತಿಯ ಕುಸ್ತಿಪಟು. ಆದರೆ ಗಾಮಾನ ಹಿಡಿತ ಒಮ್ಮೆ ಕಂಡ ಮೇಲೆ ನೆಲಕ್ಕೆ ಅಂಟಿದವನು ಎರಡೂವರೆ ತಾಸಿನ ಹೊತ್ತು ಏಳಲೇ ಇಲ್ಲ. ಕುಸ್ತಿ ಸಮ ಎಂದಾಯಿತು. ವಾರದ ಬಳಿಕ ಮತ್ತೆ ಹಿಡಿಯಬೇಕೆಂದು ನಿಶ್ಚಯವಾಯಿತು. ಗಾಮಾ ಬಂದು ನಿಂತ, ಝ್ಬಿಶ್ಕೊ ಬರಲಿಲ್ಲ. ಪಣಕ್ಕಿಟ್ಟಿದ್ದ ಜಾನ್ ಬುಲ್ ಪಟ್ಟ ಗಾಮಾನದಾಯಿತು. ಹದಿನೇಳು ವರ್ಷ ಕಳೆದು 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಝ್ಬಿಶ್ಕೊ ಮಲಗಲಿಲ್ಲ. ಒಂದು ನಿಮಿಷದೊಳಗೆ ಚಿತ್ ಆದ. ಈ ಕಥೆಯನ್ನು ತಾಲೀಮಿನ ಕಟ್ಟೆಯ ಮೇಲೆ ವಸ್ತಾದರು ಹೇಳುವಾಗ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ವಸ್ತಾದರು ಮಾತ್ರ ನಗದೆ, ಹೊಟ್ಟೆಯ ಮೇಲೆ ಮಲಗಿದವನನ್ನು ಮಗುಚುವ ಪಟ್ಟನ್ನು ಆಗಲೇ ತೋರಿಸಿಕೊಡುತ್ತಾರೆ.

ನನ್ನ ಮನಸ್ಸು ಹೆಚ್ಚು ಜಗ್ಗುವುದು ಚಿಕ್ಕ ಹುಡುಗರ ಕುಸ್ತಿಯ ಕಡೆ. ದೊಡ್ಡ ಜೋಡಿಗಳಿಗೂ ಮೊದಲು, ಬಿಸಿಲು ಇಳಿಯುವ ಮುಂಚೆ, ತೆಂಗಿನಕಾಯಿಗೆ ನಡೆಯುವ ಕುಸ್ತಿಗಳಿವು. ಆರೇಳು ವರ್ಷದ ಪೋರರು ಅಣ್ಣನದೋ ಅಪ್ಪನದೋ ಲಂಗೋಟಿ ಸುತ್ತಿಕೊಂಡು, ದೊಡ್ಡವರ ಹಾಗೇ ಮಣ್ಣು ಮುಟ್ಟಿ ಹಣೆಗೊತ್ತಿ, ತೊಡೆ ತಟ್ಟಿ ಬರುತ್ತಾರೆ. ಗೋಕಾಕ ತಾಲೂಕಿನ ಒಂದು ಊರಿನಲ್ಲಿ ಒಬ್ಬ ಹುಡುಗ ಸಡ್ಡು ಹೊಡೆಯುತ್ತ ಕಣವನ್ನು ಒಂದು ಸುತ್ತು ಹಾಕಿದ. ಮಂದಿ ಚಪ್ಪಾಳೆ ಹೊಡೆದರು. ಖುಷಿಯಾಗಿ ಇನ್ನೊಂದು ಸುತ್ತು ಹಾಕಿದ. ಮೂರನೆಯ ಸುತ್ತಿಗೆ ಹೊರಟಾಗ ಎದುರಾಳಿ ಹುಡುಗ ನಡುವೆ ನಿಂತು ಅಳತೊಡಗಿದ: “ಇಂವಾ ಕುಸ್ತಿನ ಹಿಡ್ಯವಲ್ಲ, ಬರೇ ಓಡಾಕತ್ಯಾನ!” ಪಂಚರೊಬ್ಬರು ಇಬ್ಬರನ್ನೂ ರಟ್ಟೆ ಹಿಡಿದು ತಂದು ಕೈ ಕೂಡಿಸಿದರು. ಅಳುತ್ತಲೇ ಆ ಹುಡುಗ ಕಾಲಿಗೆ ಕಾಲು ಹಾಕಿದ, ಓಡುವವನು ದಪ್ಪನೆ ಬಿದ್ದ. ಕಾಯಿ ಕೈಗೆ ಬಂದರೂ ಗೆದ್ದವನ ಅಳು ನಿಲ್ಲಲಿಲ್ಲ. ಅಳುವುದನ್ನು ಶುರುಮಾಡಿ ಆಗಿತ್ತಲ್ಲ. ಸೋತವನೇ ಅವನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ. ಪಂಚರು ಓಡುವವನಿಗೂ ಒಂದು ಕಾಯಿ ಕೊಟ್ಟರು.

ಲಂಗೋಟಿಯ ವಿಷಯ ಹೇಳದೆ ಇಂಥ ಲೇಖನ ಮುಗಿಯುವ ಹಾಗಿಲ್ಲ. ಜಗ್ಗಾಟದಲ್ಲಿ ಗಂಟು ಸಡಿಲಾಗುವುದುಂಟು. ಸಾವಿರಾರು ಮಂದಿಯ ನಡುವೆ ಆ ಸ್ಥಿತಿಯಲ್ಲಿ ನಗು ಬಾರದೆ ಇರುವುದಿಲ್ಲ. ಆದರೆ ಆಗ ಕಣದಲ್ಲಿ ಏನಾಗುತ್ತದೆ ನೋಡಿ. ಅರೆಗಳಿಗೆಯ ಹಿಂದೆ ಕುತ್ತಿಗೆ ಮುರಿಯುವ ಹಾಗೆ ಒತ್ತುತ್ತಿದ್ದ ಎದುರಾಳಿ ಹಿಡಿತ ಬಿಟ್ಟು, ಮಂದಿಗೆ ಅಡ್ಡ ನಿಂತು, ತಾನೇ ಮಂಡಿಯೂರಿ ಗಂಟು ಬಿಗಿದು ಕೊಡುತ್ತಾನೆ. ಜಗ್ಗಿ ನೋಡಿ “ಆತೇನ ಅಣ್ಣಾ?” ಎನ್ನುತ್ತಾನೆ. “ಆತಪಾ” ಎಂದ ಮೇಲೆ ಇಬ್ಬರೂ ಕೈ ತಟ್ಟಿ ಮೊದಲಿನ ಹಿಡಿತಕ್ಕೇ ಮರಳುತ್ತಾರೆ. ಮಣ್ಣಿನದೂ ಹೀಗೆಯೇ. ಬೆವರಿಗೆ ಕೈ ಜಾರುತ್ತದೆಂದು ಒಬ್ಬರ ಮೈಗೆ ಒಬ್ಬರು ಮಣ್ಣು ಎರಚಿಕೊಳ್ಳುತ್ತಾರೆ. ಬಗ್ಗಿ ನೋಡುತ್ತಿದ್ದ ಪಂಚರ ಬಾಯಿಗೆ ಅದರಲ್ಲಿ ಒಂದು ಮುಷ್ಟಿ ಹೋಗುವುದು ಹೊಸದೇನಲ್ಲ. ಇಬ್ಬರೂ ಉರುಳಿ ಬಂದು ಅತಿಥಿಗಳ ಕುರ್ಚಿಯ ಸಾಲಿಗೆ ಬಿದ್ದು, ಬಹುಮಾನಕ್ಕೆಂದು ಇಟ್ಟ ಹೂಮಾಲೆ ಸೋಲುವವನ ಕೊರಳಿಗೆ ಮೊದಲೇ ಬಿದ್ದದ್ದೂ ಇದೆ.

ಕಣದ ಹೊರಗಿನ ಕುಸ್ತಿ ಬೇರೆ. ಮುಪ್ಪಾದ ಪೈಲವಾನರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಕಿವಿ ಮುದುಡಿ ಗಂಟಾಗಿರುವುದೇ ಅವರ ಗುರುತು. ಒಳಗೆ ಹುಡುಗ ಢಾಕ ಪಟ್ಟು ಹಚ್ಚುವುದನ್ನು ಮರೆತರೆ ಹೊರಗೆ ಮುತ್ಯಾನ ಕೈ ತಾನಾಗಿ ಪಕ್ಕದವನ ತೋಳನ್ನು ಹಿಡಿಯುತ್ತದೆ. “ಹಿಂಗ ಹಿಡಿ! ಹಿಂಗ ತಿರುವು!” “ಮುತ್ಯಾ, ಬಿಡೋ! ನಾ ಪೈಲವಾನ ಅಲ್ಲೋ, ಕಬ್ಬಿನ ಗ್ಯಾಂಗಿನಂವ!” ಮುತ್ಯಾನಿಗೆ ಕೇಳುವುದಿಲ್ಲ. ಕಣದ ಕುಸ್ತಿ ಮುಗಿದ ಮೇಲೆಯೇ ಆ ತೋಳಿಗೆ ಬಿಡುಗಡೆ. ಆಮೇಲೆ ಮುತ್ಯಾ ಅವನಿಗೆ ಚಹಾ ಕುಡಿಸಿ, ತೋಳು ನೀವಿ, ನಾಳೆ ನೋವು ಉಳಿದರೆ ಎಣ್ಣೆ ಹಚ್ಚಲು ಮನೆಗೆ ಬಾ ಎನ್ನುತ್ತಾನೆ.

ಈ ಸೀಮೆಯ ಮಂದಿಗೆ ಬಾಯಿ ಚುರುಕು. ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳೆಸಿದ ನೆಲ, ಕೌಜಲಗಿ ನಿಂಗಮ್ಮ ಅದನ್ನು ಆಡಿ ಮೆರೆಸಿದ ನೆಲ. ಗೊಲ್ಲತಿ, ದೂತಿಯರ ಮಾತಿಗೆ ಮಾತು ಕೊಡುವ ಚಾಳಿಯನ್ನು ರಾತ್ರಿಯಿಡೀ ಕೂತು ಕೇಳಿದವರ ಮಕ್ಕಳು, ಮೊಮ್ಮಕ್ಕಳು ಕುಸ್ತಿ ನೋಡಲು ಕೂತಾಗ ಸುಮ್ಮನಿರುವುದು ಹೇಗೆ? ಅವರ ಒಂದು ಮಾತು ಪೈಲವಾನನನ್ನು ಕೆಡವಬಲ್ಲದು, ಎಬ್ಬಿಸಲೂಬಲ್ಲದು.

ಈಗಿನ ಹುಡುಗರಿಗೆ ಕುಸ್ತಿ ಎಂದರೆ ಮೊದಲು ನೆನಪಾಗುವುದು ಟೀವಿಯದು. ಅವರ ಅಜ್ಜಂದಿರಿಗೆ ದಾರಾಸಿಂಗ್ ಇದ್ದ; ಕಿಂಗ್ ಕಾಂಗ್ ಎಂಬ ಬೆಟ್ಟದ ಮೈಯ ಮಲ್ಲನ ಜತೆ ಅವನು ಹೋರಾಡಿದ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿ, ಮೈ ಬೆಳೆಸಿದವನನ್ನೆಲ್ಲ “ಭಾರಿ ದಾರಾಸಿಂಗ ಆಗೀಯಲ್ಲೋ” ಎನ್ನುವುದು ರೂಢಿಯಾಯಿತು. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ಗೋಕಾಕದ ಓಣಿಗಳಲ್ಲೂ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡಿನ ಆಟ ಬಂತು. ಆ ಸಂಸ್ಥೆ 2002ರಲ್ಲಿ ಡಬ್ಲ್ಯೂಡಬ್ಲ್ಯೂಇ ಆಯಿತು. ಅಲ್ಲಿ ಗೆಲ್ಲುವವನು ಮೊದಲೇ ಗೊತ್ತು, ಬೀಳುವ ರೀತಿಯೂ ಗೊತ್ತು. ಅದು ಮೈ ಮುರಿಯುವ ಕಷ್ಟದ ಕಸುಬು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆ ಕಲಾವಿದರ ಬಗ್ಗೆ ಗೌರವವೂ ಇದೆ. ಆದರೆ ಅಲ್ಲಿಯ ನಗು ಹುಟ್ಟುವ ಜಾಗ ಬೇರೆ.

1993ರ ಆಗಸ್ಟ್ 18ರಂದು ಅಮೆರಿಕದ ಇನ್ನೊಂದು ಕಂಪನಿ ಡಬ್ಲ್ಯೂಸಿಡಬ್ಲ್ಯೂ ತನ್ನ ನೇರಪ್ರಸಾರದಲ್ಲಿ ‘ಶಾಕ್‌ಮಾಸ್ಟರ್’ ಎಂಬ ಭಯಂಕರ ಹೊಸ ಮಲ್ಲನನ್ನು ತೋರಿಸಲು ಹೊರಟಿತು. ಗೋಡೆ ಒಡೆದುಕೊಂಡು ಬರಬೇಕಾಗಿದ್ದ ಫ್ರೆಡ್ ಆಟ್‌ಮನ್, ಗೋಡೆಯ ಬುಡದ ಮರದ ಪಟ್ಟಿಗೆ ಎಡವಿ ಮುಗ್ಗರಿಸಿ ಬಿದ್ದ. ತಲೆಯ ಮೇಲಿದ್ದ ಜರಿ ಹಚ್ಚಿದ ಶಿರಸ್ತ್ರಾಣ ಉರುಳಿತು. ಅದನ್ನು ತಡಕಾಡಿ ಹಾಕಿಕೊಂಡು ಅವನು ನಿಂತ. ತೆರೆಯ ಹಿಂದಿನಿಂದ ಇನ್ನೊಬ್ಬನ ದನಿ ಅವನ ಪರವಾಗಿ ಗುಡುಗಿತು. ಡಬ್ಲ್ಯೂಡಬ್ಲ್ಯೂಇಯ 2005ರ ರಾಯಲ್ ರಂಬಲ್ ಪಂದ್ಯದಲ್ಲಿ ಬಟಿಸ್ಟಾ, ಜಾನ್ ಸೀನಾ ಇಬ್ಬರೂ ಒಟ್ಟಿಗೇ ರಿಂಗಿನ ಹೊರಗೆ ಬಿದ್ದು, ಗೆದ್ದವನು ಯಾರೆಂದು ಗೊಂದಲವಾದಾಗ, ಮಾಲೀಕ ವಿನ್ಸ್ ಮೆಕ್‌ಮಹನ್ ಸಿಟ್ಟಿನಿಂದ ರಿಂಗಿಗೆ ನುಗ್ಗಿದ. ಎರಡೂ ತೊಡೆಯ ಸ್ನಾಯು ಹರಿದು, ಏಳಲಾರದೆ ಕೂತಲ್ಲಿಂದಲೇ ಗದರಿದ. 2018ರ ಏಪ್ರಿಲ್‌ನಲ್ಲಿ ಜೆಡ್ಡಾದಲ್ಲಿ ಅದೇ ಕಂಪನಿಯ ಪಂದ್ಯಕ್ಕೆ ಟೈಟಸ್ ಓನೀಲ್ ಓಡಿ ಬರುತ್ತ ಎಡವಿ, ಜಾರುತ್ತ ಸೀದಾ ರಿಂಗಿನ ಅಡಿಗೆ ಮಾಯವಾದ. ವೀಕ್ಷಕ ವಿವರಣೆ ಕೊಡುತ್ತಿದ್ದವರಿಗೆ ನಗು ತಡೆಯಲಾಗಲಿಲ್ಲ.

ಇವುಗಳನ್ನು ಜಗತ್ತು ಇವತ್ತಿಗೂ ಹುಡುಕಿ ಹುಡುಕಿ ನೋಡುತ್ತದೆ. ಬರೆದಿಟ್ಟ ಆಟದಲ್ಲಿ ಬರೆಯದೆ ನಡೆದ ಗಳಿಗೆಗಳು ಅವು, ಆ ಒಂದು ಗಳಿಗೆ ಮಾತ್ರ ಖರೇ. ನಮ್ಮ ಜಾತ್ರೆಯ ಕಣದಲ್ಲಿ ಮೊದಲಿನಿಂದ ಕೊನೆಯವರೆಗೂ ಯಾವುದೂ ಬರೆದಿಟ್ಟದ್ದಲ್ಲ. ಆದ್ದರಿಂದ ನಗು ಬಂದು ಹೋಗುತ್ತದೆ, ಕುಸ್ತಿ ಮುಂದುವರಿಯುತ್ತದೆ. ಮೂರು ನಿಮಿಷದ ಹಿಂದೆ ಲಂಗೋಟಿ ಜಾರಿದವನೇ ಕಲಾಜಂಗ ಪಟ್ಟು ಹಾಕಿ ಗೆದ್ದರೆ ಮಂದಿ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಆಟ್‌ಮನ್‌ಗೆ ಆ ಭಾಗ್ಯ ಸಿಗಲಿಲ್ಲ. ಒಳ್ಳೆಯ ಕುಸ್ತಿಪಟುವಾಗಿದ್ದರೂ ಬಿದ್ದ ಗಳಿಗೆಯಿಂದಲೇ ಅವನನ್ನು ನೆನೆಯುತ್ತಾರೆ. ಇದು ನನಗೆ ಬೇಸರದ ಸಂಗತಿ.

ನಮ್ಮ ತಾಲೀಮುಗಳ ಸ್ಥಿತಿಯೂ ಸುಖದ್ದಲ್ಲ. ಹಾಲು, ತುಪ್ಪ, ಬದಾಮಿನ ಖರ್ಚು ರೈತನ ಮನೆಗೆ ಭಾರ. ಗೆದ್ದರೆ ಕಡಗ, ಕಾಲು ಮುರಿದರೆ ಮನೆಯವರೇ ಗತಿ. ಸರಕಾರದ ಸ್ಪರ್ಧೆಗಳು ಹೆಚ್ಚಾಗಿ ಮ್ಯಾಟ್ ಮೇಲೆ, ಅಂಕದ ಲೆಕ್ಕದಲ್ಲಿ ನಡೆಯುತ್ತವೆ. ಮಣ್ಣಿನಲ್ಲಿ ಕಲಿತ ಹುಡುಗ ಅಲ್ಲಿ ಹೊಸದಾಗಿ ಕಲಿಯಬೇಕು. ಕೊಲ್ಲಾಪುರದಲ್ಲಿ ತಾಲೀಮು ಮಾಡಿದ ಖಾಶಾಬಾ ಜಾಧವ ಅದನ್ನು ಕಲಿತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಹಾಗಾಗಿ ಮಣ್ಣು, ಮ್ಯಾಟ್ ಎರಡೂ ನಮಗೆ ಬೇಕು. ಜಾತ್ರಾ ಕಮಿಟಿಯವರು ದೊಡ್ಡ ಜೋಡಿಗೆ ಕೊಡುವ ರೊಕ್ಕದಲ್ಲಿ ಒಂದು ಪಾಲು ತೆಗೆದು ಊರ ತಾಲೀಮಿನ ಹುಡುಗರ ಹಾಲಿಗೆ, ಗಾಯವಾದವರ ಚಿಕಿತ್ಸೆಗೆ ಇಡಲಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಸುಗ್ಗಿ ಮುಗಿದ ಮೇಲೆ ಮಳೆ ಹತ್ತುವವರೆಗೂ ಈ ಮೂರೂ ತಾಲೂಕುಗಳಲ್ಲಿ ಎಲ್ಲಾದರೊಂದು ಕಡೆ ಕಣ ಸಿದ್ಧವಾಗುತ್ತಲೇ ಇರುತ್ತದೆ. ಇತ್ತೀಚೆಗೆ ಹೆಣ್ಣುಮಕ್ಕಳ ಜೋಡಿಗಳನ್ನೂ ಹಚ್ಚುತ್ತಿದ್ದಾರೆ, ಅವಕ್ಕೆ ಬೀಳುವ ಸಿಳ್ಳೆ ಯಾರಿಗೂ ಕಡಿಮೆಯಿಲ್ಲ. ಹೋಗುವವರು ಮಕ್ಕಳನ್ನು ಕರೆದುಕೊಂಡು, ಊಟ ಮುಗಿಸಿ ಬೇಗ ಹೋಗಿ. ಸಂಜೆ ಕಡಗದ ಕುಸ್ತಿಯ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ತೆಂಗಿನಕಾಯಿ ಕುಸ್ತಿಗೆ ಮುಂದಿನ ಸಾಲು ಖಾಲಿ ಇರುತ್ತದೆ. ಕಿವಿ ಮುದುಡಿದ ಮುತ್ಯಾ ಯಾರಾದರೂ ಅಲ್ಲಿದ್ದರೆ ಅವರ ಪಕ್ಕದಲ್ಲೇ ಕೂಡಿ. ಪಟ್ಟುಗಳ ಹೆಸರೆಲ್ಲ ಹೇಳಿಕೊಡುತ್ತಾರೆ.