ಓಡುವ ರೈಲಿಗೆ ತಲುಪುವ ಸಂದೇಶ

ಸಂಪರ್ಕ ಜಾಲ ಎಂದೊಡನೆ ದೂರವಾಣಿ ನೆನಪಾಗುವುದು ಸಹಜ. ಆದರೆ ನಿಜಾಮಾಬಾದಿನಿಂದ ಹೈದರಾಬಾದಿನ ಮಲ್ಕಾಜ್‌ಗಿರಿ ಜಂಕ್ಷನ್ ಮೂಲಕ ಸೀತಾಫಲಮಂಡಿಗೆ ಸಾಗುವ ರೈಲುಮಾರ್ಗದಲ್ಲಿ ಯಂತ್ರಗಳೇ ಪರಸ್ಪರ ಮಾತನಾಡುತ್ತವೆ. ಇಲ್ಲಿ ದಕ್ಷಿಣ ಮಧ್ಯ ರೈಲ್ವೆಯು ‘ಕವಚ್’ ಎಂಬ ರಕ್ಷಣಾ ವ್ಯವಸ್ಥೆಯನ್ನು ಅಳವಡಿಸಿದೆ.

ಗಂಟೆಗೆ 120 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಸುಮಾರು 33 ಮೀಟರ್ ಕ್ರಮಿಸುತ್ತದೆ. ಮಂಜು ಕವಿದಾಗ ಕೆಂಪು ದೀಪ ಚಾಲಕನ ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಮಿಂಚಿರಬಹುದು.

ಹಳಿಗಳ ನಡುವೆ ಸ್ಲೀಪರುಗಳ ಮೇಲೆ ಚಿಕ್ಕ ರೇಡಿಯೋ ಗುರುತುಪಟ್ಟಿಗಳನ್ನು ಕೂರಿಸಲಾಗಿರುತ್ತದೆ. ಇವಕ್ಕೆ ಬ್ಯಾಟರಿ ಬೇಕಿಲ್ಲ. ಮೇಲೆ ಹಾಯುವ ಎಂಜಿನ್ನಿನ ಉಪಕರಣದಿಂದಲೇ ಶಕ್ತಿ ಪಡೆದು ತಾವಿರುವ ಸ್ಥಳವನ್ನು ತಿಳಿಸುತ್ತವೆ. ಎಂಜಿನ್ನಿನ ಗಣಕಯಂತ್ರವು ಅದನ್ನು ರೇಡಿಯೋ ಮೂಲಕ ನಿಲ್ದಾಣಕ್ಕೆ ಒಪ್ಪಿಸುತ್ತದೆ. ನಿಲ್ದಾಣದ ಯಂತ್ರವು ಸಿಗ್ನಲುಗಳ ಸ್ಥಿತಿಯನ್ನು ನೋಡಿ, ಎಷ್ಟು ದೂರ ಮುಂದುವರಿಯಬಹುದೆಂದು ಉತ್ತರಿಸುತ್ತದೆ. ಎಚ್ಚರಿಸಿದರೂ ಚಾಲಕನು ವೇಗ ತಗ್ಗಿಸದಿದ್ದಲ್ಲಿ ಬ್ರೇಕ್ ತಾನಾಗಿಯೇ ಬೀಳುತ್ತದೆ.

ಪ್ರಯಾಣಿಕರ ರೈಲುಗಳಲ್ಲಿ ಇದರ ಪರೀಕ್ಷೆ 2016ರ ಫೆಬ್ರವರಿಯಲ್ಲಿ ಆರಂಭವಾಯಿತು. ಪರೀಕ್ಷಾ ಮಾರ್ಗಗಳು ಕರ್ನಾಟಕದ ವಾಡಿ ಹಾಗೂ ಬೀದರಿನವರೆಗೆ ಚಾಚಿದ್ದವೆಂಬುದು ಕನ್ನಡಿಗರಿಗೆ ಅಷ್ಟಾಗಿ ತಿಳಿದಿಲ್ಲ. 2022ರ ಮಾರ್ಚ್ 4ರಂದು ಗುಲ್ಲಗುಡ–ಚಿಟ್ಗಿಡ್ಡ ನಿಲ್ದಾಣಗಳ ನಡುವೆ ಎರಡು ಎಂಜಿನ್ನುಗಳನ್ನು ಎದುರುಬದುರಾಗಿ ಓಡಿಸಿದಾಗ, 380 ಮೀಟರ್ ಅಂತರವಿರುವಾಗಲೇ ಬ್ರೇಕ್ ಬಿದ್ದು ರೈಲು ನಿಂತಿತು.

ಉಪಕರಣವು ಹಳಿ, ನಿಲ್ದಾಣ, ಎಂಜಿನ್ ಮೂರರಲ್ಲೂ ಇರಬೇಕಾದುದು ಅವಶ್ಯ. ಅಳವಡಿಸಿದ ಮಾರ್ಗದಲ್ಲಿಯೂ ಉಪಕರಣವಿಲ್ಲದ ಎಂಜಿನ್ನಿಗೆ ಈ ರಕ್ಷಣೆ ದೊರೆಯುವುದಿಲ್ಲ. ಉಪಕರಣವುಳ್ಳ ಎಂಜಿನ್ನಾದರೋ ಲೆವೆಲ್ ಕ್ರಾಸಿಂಗ್ ಸಮೀಪಿಸಿದಾಗ ತಾನೇ ಸೀಟಿ ಹಾಕುತ್ತದೆ.