ಟ್ರೇಲರ್ ಬ್ರೇಕಿನ ಬಲ ಇರುವುದು ತಂತಿಯಲ್ಲಿ

ಆಸ್ಟ್ರೇಲಿಯಾದ ವಾಯವ್ಯ ಭಾಗದ ಗಿಬ್ ರಿವರ್ ರಸ್ತೆ ಸುಮಾರು 660 ಕಿಲೋಮೀಟರ್ ಉದ್ದ. ಹೆಚ್ಚಿನದು ಮಣ್ಣು, ಜಲ್ಲಿ, ಹೊಳೆ ದಾಟುವ ದಾರಿ. ಇಂಥ ಕಡೆ ಲ್ಯಾಂಡ್ ಕ್ರೂಸರ್‌ನಂಥ ಗಾಡಿಗಳ ಹಿಂದೆ ಎರಡು ಟನ್ ಮೀರಿದ ಕ್ಯಾರವಾನ್‌ಗಳೂ ಸಾಗುತ್ತವೆ. ಅಷ್ಟು ಭಾರವನ್ನು ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಮುಂದಿನ ಗಾಡಿಯೊಂದೇ ಬ್ರೇಕ್ ಹಿಡಿದರೆ ಹಿಂದಿನ ಭಾರ ಅದನ್ನು ನೂಕುತ್ತದೆ. ತಿರುವಿನಲ್ಲಾದರೆ ಅಡ್ಡಕ್ಕೆ ತಿರುಗಿಸಿಬಿಡಬಹುದು. ಅದಕ್ಕೇ ಅಲ್ಲಿನ ನಿಯಮದಂತೆ 750 ಕಿಲೋ ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ, 2000 ಕಿಲೋ ದಾಟಿದರೆ ಎಲ್ಲ ಚಕ್ರಗಳಿಗೂ ಬೇಕು. ಆ ಬ್ರೇಕ್‌ಗಳನ್ನು ಚಾಲಕನ ಹತೋಟಿಗೆ ತರುವ ಪುಟ್ಟ ಪೆಟ್ಟಿಗೆಯೇ ಬ್ರೇಕ್ ಕಂಟ್ರೋಲರ್. ಕೊಳ್ಳುವವರು ಪೆಟ್ಟಿಗೆಯ ಗುಣವನ್ನಷ್ಟೇ ನೋಡುತ್ತಾರೆ. ಆದರೆ ಟ್ರೇಲರ್ ಎಷ್ಟು ಬಲವಾಗಿ ನಿಲ್ಲುತ್ತದೆ ಎಂಬುದು ಬ್ಯಾಟರಿಯಿಂದ ಚಕ್ರದವರೆಗಿನ ತಾಮ್ರವನ್ನೂ ಅಷ್ಟೇ ಅವಲಂಬಿಸಿದೆ.

ಚಕ್ರದ ಡ್ರಮ್ಮಿನೊಳಗೆ ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿ ಒಂದು ಸನ್ನೆಯ ತುದಿಯಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ವಿದ್ಯುತ್ಕಾಂತವಿದೆ. ಚಾಲಕ ಪೆಡಲ್ ಒತ್ತಿದಾಗ ಸ್ಟಾಪ್ ಲೈಟಿನ ಸ್ವಿಚ್ಚಿನಿಂದ ಕಂಟ್ರೋಲರಿಗೆ ಸೂಚನೆ ಹೋಗುತ್ತದೆ; ಗಾಡಿಯ ವೇಗ ಎಷ್ಟು ಚುರುಕಾಗಿ ಇಳಿಯುತ್ತಿದೆ ಎಂದು ಒಳಗಿನ ಸಂವೇದಕ ಅಳೆಯುತ್ತದೆ; ಅದಕ್ಕೆ ತಕ್ಕಷ್ಟು ಕರೆಂಟು ಹಿಂದಕ್ಕೆ ಹರಿಯುತ್ತದೆ. ಕಾಂತ ತಿರುಗುವ ಡ್ರಮ್ಮಿನ ಸಪಾಟು ಮುಖಕ್ಕೆ ಅಂಟಿ, ಅದರೊಂದಿಗೆ ತುಸು ಎಳೆಯಲ್ಪಟ್ಟು, ಸನ್ನೆಯ ಮೂಲಕ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಪ್ರತಿ ಕಾಂತಕ್ಕೆ ಸುಮಾರು 3 ಆಂಪಿಯರ್ ಎಂದರೆ ನಾಲ್ಕು ಚಕ್ರಕ್ಕೆ 12. ಕಬ್ಬಿಣ ಪೂರ್ತಿ ಕಾಂತವಾಗಿ ಮಿತಿ ಮುಟ್ಟುವವರೆಗೆ ಸೆಳೆತವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಹಾಗೆಯೇ ಇಳಿಯುತ್ತದೆ. ಕಂಟ್ರೋಲರಿನಿಂದ ಚಕ್ರಕ್ಕೆ ಹೋಗಿ ಬರುವ ತಂತಿ 20 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಅದು 1.5 ಚದರ ಮಿಲಿಮೀಟರಿನದಾದರೆ ಕರೆಂಟು ಐದನೇ ಒಂದು ಭಾಗ ಕುಸಿಯುತ್ತದೆ, ಸೆಳೆತ ಮೂರನೇ ಒಂದು ಭಾಗ ಕಳೆದುಹೋಗುತ್ತದೆ. 5 ಚದರ ಮಿಲಿಮೀಟರ್ ಹಾಕಿದರೆ ನಷ್ಟ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಕಂಟ್ರೋಲರಿನ ಗುಂಡಿ ತಿರುಗಿಸಿ ಬಲ ಹೆಚ್ಚಿಸಿಕೊಂಡರಾಯಿತಲ್ಲ ಎನ್ನಬಹುದು. ಸಾಧಾರಣ ಬ್ರೇಕಿಗೆ ಅದು ಸಾಕು. ಆದರೆ ಪೆಟ್ಟಿಗೆ ಬ್ಯಾಟರಿಯ ವೋಲ್ಟೇಜಿಗಿಂತ ಹೆಚ್ಚು ಕೊಡಲಾರದು. ಪೂರ್ಣ ಬಲ ಬೇಕಾದ ಗಳಿಗೆಯಲ್ಲೇ ತಂತಿಯ ನಷ್ಟವೂ ಅತಿ ಹೆಚ್ಚು. ಬಲ ಜಾಸ್ತಿಯಾದರೆ ಕೆಸರಿನಲ್ಲಿ, ಸಡಿಲ ಜಲ್ಲಿಯಲ್ಲಿ ಚಕ್ರ ಕಚ್ಚಿಕೊಂಡು ಜಾರುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಜಾರುತ್ತದೆ, ಅಲ್ಲಿ ಗುಂಡಿಯನ್ನು ಇಳಿಸಲೇಬೇಕು. ಇರುವ ಬಲವನ್ನು ಇಳಿಸಬಹುದು, ಇಲ್ಲದ್ದನ್ನು ಏರಿಸಲಾಗದು. ಗಾಡಿಯ ಬಾಡಿಯೇ ಅರ್ಥ್ ಆಗಿರುವಾಗ ಪ್ರತ್ಯೇಕ ಅರ್ಥ್ ತಂತಿ ದಂಡ ಎನ್ನುವವರೂ ಉಂಟು. ಆದರೆ ಟ್ರೇಲರಿನ ಕಬ್ಬಿಣ ಗಾಡಿಗೆ ತಾಗುವುದು ಗ್ರೀಸ್, ತುಕ್ಕು, ಧೂಳು ಮೆತ್ತಿದ ಕೊಂಡಿಯಲ್ಲಿ. ಕುಲುಕುವ ದಾರಿಯಲ್ಲಿ ಆ ಸಂಪರ್ಕವನ್ನು ನಂಬಿ ಬ್ರೇಕ್ ಹಿಡಿಯಲಾಗದು.

ಹಾಗಾಗಿ ಕಂಟ್ರೋಲರಿನ ಕಪ್ಪು ತಂತಿಯನ್ನು ಸಿಗರೇಟ್ ಲೈಟರಿನ ಸಾಲಿಗೆ ತಗುಲಿಸದೆ ನೇರ ಬ್ಯಾಟರಿಗೆ ಒಯ್ಯಬೇಕು. ನಡುವೆ ಫ್ಯೂಸಿನ ಬದಲು ತಾನಾಗಿ ಮತ್ತೆ ಕೂಡಿಕೊಳ್ಳುವ ಸರ್ಕ್ಯೂಟ್ ಬ್ರೇಕರ್ ಇರಲಿ. ಫ್ಯೂಸ್ ಒಮ್ಮೆ ಸುಟ್ಟರೆ ಇಳಿಜಾರಿನ ನಡುವೆಯೇ ಟ್ರೇಲರಿಗೆ ಬ್ರೇಕ್ ಇಲ್ಲವಾಗುತ್ತದೆ. ಬಿಳಿಯದು ಬ್ಯಾಟರಿಯ ಋಣ ತುದಿಗೆ. ಕೆಂಪು ತಂತಿ ಪೆಡಲ್ ಒತ್ತಿದಾಗ ಮಾತ್ರ ಕರೆಂಟು ಬರುವ ಕಡೆಗೆ. ಚಕ್ರಗಳತ್ತ ಹೋಗುವ ನೀಲಿ ತಂತಿಯನ್ನು ದಪ್ಪದ್ದೇ ಹಾಕಿ, ಕಲ್ಲು, ಸೈಲೆನ್ಸರಿನ ಬಿಸಿ ತಾಗದಂತೆ ಚಾಸಿಯ ಒಳಬದಿಯಲ್ಲಿ ಬಿಗಿಯಬೇಕು. ಕೆಲಸ ಮುಗಿದ ಮೇಲೆ ಕೈ ಗುಂಡಿಯಿಂದ ಪೂರ್ಣ ಬ್ರೇಕ್ ಹಾಕಿಸಿ, ಚಕ್ರದ ಬಳಿಯ ತಂತಿಗಳಲ್ಲಿ ವೋಲ್ಟೇಜ್ ಅಳೆಯಬೇಕು. ಡ್ಯಾಶ್‌ಬೋರ್ಡಿನ ಪರದೆ ಪೆಟ್ಟಿಗೆ ಕಳಿಸಿದ್ದನ್ನು ಹೇಳುತ್ತದೆ. ಬ್ರೇಕಿಗೆ ತಲುಪಿದ್ದೆಷ್ಟು ಎಂಬುದನ್ನು ಹೇಳುವುದು ಚಕ್ರದ ಬಳಿಯ ಮೀಟರ್ ಮಾತ್ರ.