ಹೆಗಲೇರಿದ ವಾದ್ಯಗೋಷ್ಠಿ

ನವೆಂಬರ್ ಬಂತೆಂದರೆ ಹೊರನಾಡ ಕನ್ನಡಿಗರಿಗೆ ರಾಜ್ಯೋತ್ಸವದ ಸಡಗರ. ಹಾರ, ಭಾಷಣ, ಹಾಡು, ಊಟ ಎಲ್ಲವೂ ಸಭಾಂಗಣದೊಳಗೆ ಕ್ರಮವಾಗಿ ನಡೆಯುತ್ತವೆ. ಆದರೆ ಹಾಡನ್ನು ಕೇಳುವವರು ಯಾರು? ನಾವೇ ಹಾಡಿ, ನಾವೇ ಕೇಳಿ, ನಾವೇ ಚಪ್ಪಾಳೆ ತಟ್ಟಿ ಮನೆಗೆ ಮರಳುತ್ತೇವೆ. ಮೆಹದಿಪಟ್ಟಣಂನಂಥ ಬಡಾವಣೆಯಲ್ಲಿ ತೆಲುಗು, ಉರ್ದು ಮಾತಾಡುವ ನೆರೆಯವರ ಕಿವಿಗೆ ನಮ್ಮ ಭಾವಗೀತೆಯೊಂದು ಬೀಳಬೇಕಾದರೆ ಅದು ಬೀದಿಗೆ ಇಳಿಯಬೇಕು. ಇಳಿಸೋಣವೆಂದರೆ ಧ್ವನಿವರ್ಧಕದ ಬಾಡಿಗೆ, ಜನರೇಟರಿನ ಗದ್ದಲ, ಡೀಸೆಲ್ ಹೊಗೆ! ಇವಾವುವೂ ಇಲ್ಲದೆ, ಮೂವರು ಹೊತ್ತೊಯ್ಯಬಹುದಾದ ಬ್ಯಾಟರಿ ವಾದ್ಯಮೇಳವನ್ನು ನಾವೇ ಜೋಡಿಸಿಕೊಳ್ಳಬಹುದು.

ಹಾರ್ಮೋನಿಯಂ ಅನ್ನು ಕೊರಳಿಗೆ ಕಟ್ಟಿಕೊಂಡು ನಗರಸಂಕೀರ್ತನೆ ಹೊರಟ ಹಿರಿಯರಿಗೆ ಈ ಕಲ್ಪನೆ ಹೊಸದಲ್ಲ. ಸಿಂಥಸೈಜರ್ ಎಂದರೆ ವಿದ್ಯುತ್ ಕಂಪನದಿಂದಲೇ ನಾದ ಹುಟ್ಟಿಸುವ ವಾದ್ಯ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಸಿಂಥಸೈಜರ್ ಬೀರುವಿನಂತಿತ್ತು. 1969ರಲ್ಲಿ ಅಂಥದೊಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತ್ತು. 1978ರ ಹೊತ್ತಿಗೆ ಇಂಗ್ಲೆಂಡಿನ ‘ವಾಸ್ಪ್’ ಎಂಬ ಸಿಂಥಸೈಜರ್ ಸೆಲ್ಲಿನಿಂದಲೇ ನಡೆಯತೊಡಗಿತು. ನಮ್ಮ ಬೆಂಗಳೂರಿನಲ್ಲಿ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಕಟ್ಟಿದ ರಾಡೆಲ್ ಸಂಸ್ಥೆಯ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಸಂಗೀತಗಾರರ ಕೈಚೀಲ ಸೇರಿದವು. ಇಂದು ಆರು ಪೆನ್ಸಿಲ್ ಸೆಲ್ಲಿನಿಂದ ನಡೆಯುವ, ಮೂರೂವರೆ ಕಿಲೋ ಮೀರದ ಕೀಬೋರ್ಡುಗಳು ಸಿಗುತ್ತವೆ.

ಇನ್ನು ಜೋಡಣೆ. ಅನೇಕರು ಬ್ಯಾಟರಿಗೆ ಇನ್ವರ್ಟರ್ ಕಟ್ಟಿ, 12 ವೋಲ್ಟನ್ನು 230 ಮಾಡಿ, ಮತ್ತೆ ಅಡಾಪ್ಟರಿನಿಂದ 9 ವೋಲ್ಟಿಗೆ ಇಳಿಸುತ್ತಾರೆ. ಇದು ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ. ಎರಡು ಕಡೆ ವಿದ್ಯುತ್ ಸೋರುತ್ತದೆ, ಹಾಡಿನೊಳಗೆ ‘ಗುಂಯ್’ ಎಂಬ ಸದ್ದೂ ಸೇರಬಹುದು. ಸರಳ ದಾರಿಯೆಂದರೆ ಕೀಬೋರ್ಡಿಗೆ ಅದರದೇ ಸೆಲ್, ಆಂಪ್ಲಿಫೈಯರಿಗೆ ಬೇರೆ ಬ್ಯಾಟರಿ. ಕೈಪಿಡಿ ಒಪ್ಪಿದರೆ ಮರುಚಾರ್ಜಿನ ಸೆಲ್ಲುಗಳನ್ನೇ ಹಾಕಬಹುದು. ಕೀಬೋರ್ಡಿನ ಹೆಡ್‌ಫೋನ್ ಕಿಂಡಿಯಿಂದ ಒಂದೇ ತಂತಿ ಆಂಪ್ಲಿಫೈಯರಿಗೆ ಹೋದರೆ ಸಾಕು. ಬ್ಲೂಟೂತ್ ಸ್ಪೀಕರ್ ಬೇಡ. ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಹೊರಟು ತಾಳ ಕೆಡುತ್ತದೆ.

12 ವೋಲ್ಟಿನ ಸಣ್ಣ ಆಂಪ್ಲಿಫೈಯರ್, ಒಂದು ಪೆಟ್ಟಿಗೆ ಸ್ಪೀಕರ್, ಹಾಡುವವರಿಗೊಂದು ಮೈಕು: ಇವಕ್ಕೆ ಸರಾಸರಿ 20 ವ್ಯಾಟ್ ಹಿಡಿಯೋಣ. ಯು.ಪಿ.ಎಸ್.ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಇರುತ್ತದೆ. ಅದು ಬಹುಕಾಲ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು. ಅಂದರೆ ಎರಡು ಗಂಟೆಯ ಹಾಡು. 12.8 ವೋಲ್ಟ್, 6 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಮೂರು ಗಂಟೆ, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಬೆಲೆ ಹೆಚ್ಚು, ಅದಕ್ಕೆ ಹೊಂದುವ ಚಾರ್ಜರ್ ಪ್ರತ್ಯೇಕವಾಗಿಯೇ ಬೇಕು. ಯಾವುದೇ ಆಗಲಿ, ಧನಾಗ್ರದ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸ್ ಹಾಕುವುದನ್ನು ಮರೆಯಬಾರದು. ತಂತಿ ತಾಗಿ ಕಿಡಿ ಹಾರಿದರೆ ಬೀದಿಯಲ್ಲಿ ಸುತ್ತ ನಿಲ್ಲುವವರು ಮಕ್ಕಳು! ಬ್ಯಾಟರಿಯನ್ನು ಬಿಸಿಲಲ್ಲಿ ಇಡಬೇಡಿ. ಬಿಡಿಭಾಗಗಳಿಗೆ ಕೋಟಿಯ ಗುಜರಾತಿ ಗಲ್ಲಿಯಲ್ಲಿ ಒಂದು ಸುತ್ತು ಹಾಕಿದರಾಯಿತು.

ಶ್ರುತಿಯ ವಿಷಯದಲ್ಲಿ ಕೀಬೋರ್ಡು ಹಾರ್ಮೋನಿಯಂಗಿಂತ ಉದಾರಿ. ಮಹಿಳೆಯರು ಒಂದು ಶ್ರುತಿಗೆ, ಗಂಡಸರು ಇನ್ನೊಂದಕ್ಕೆ ಹಾಡಿದರೂ ‘ಟ್ರಾನ್ಸ್‌ಪೋಸ್’ ಗುಂಡಿ ಒತ್ತಿ, ಕಲಿತ ಮನೆಗಳಲ್ಲೇ ಬೆರಳಾಡಿಸಬಹುದು. ಹೀಗಾಗಿ ಎರಡು ವರ್ಷ ಕಲಿತ ಮಗುವೂ ಇಡೀ ಗುಂಪಿಗೆ ನುಡಿಸಬಲ್ಲದು. ಒಂದೇ ಮಾತು: ಯಂತ್ರದ ಡೋಲು, ಗಿಟಾರುಗಳನ್ನೆಲ್ಲ ಒಮ್ಮೆಗೇ ಬಿಡಬೇಡಿ. ಸಾಹಿತ್ಯ ಕೇಳಿಸದ ಕನ್ನಡ ಹಾಡನ್ನು ಬೀದಿಗೆ ತಂದು ಏನು ಫಲ?

ಸದ್ದಿಗೂ ಒಂದು ಮಿತಿಯುಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಆಸ್ಪತ್ರೆಗಳ ಸುತ್ತ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು. ನಮ್ಮಲ್ಲಿ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಯಿರುವುದನ್ನು ನೆನಪಿಡಬೇಕು. ಮುಖ್ಯರಸ್ತೆಯ ಬಸ್ಸುಗಳ ಭೋರ್ಗರೆತದೊಡನೆ ಪೈಪೋಟಿಗಿಳಿದರೆ ಯಾವ ಬ್ಯಾಟರಿಯೂ ಸಾಲದು. ಕಾಲೊನಿಯ ಒಳರಸ್ತೆ, ಪಾರ್ಕಿನ ಬಾಗಿಲು, ಅಪಾರ್ಟ್‌ಮೆಂಟಿನ ಅಂಗಳ ಇವೇ ಪ್ರಶಸ್ತ. ಸ್ಪೀಕರನ್ನು ನಿಂತವರ ಕಿವಿಯ ಎತ್ತರಕ್ಕೆ ಇಟ್ಟರೆ ಕಡಿಮೆ ಸದ್ದಿನಲ್ಲೇ ಐವತ್ತು ಮಂದಿಗೆ ಮಾತು ಮುಟ್ಟುತ್ತದೆ. ಐವತ್ತು ಮಂದಿ ನೆರೆಯವರು ನಿಂತು ಕೇಳಿದರೆ ಅದೇನು ಕಡಿಮೆಯೇ?

ಹಲವರ ಮನೆಯಲ್ಲಿ ಮಗ, ಮಗಳು ಕಾಲೇಜಿಗೆ ಹೋದ ಮೇಲೆ ಕೀಬೋರ್ಡು ಅಟ್ಟ ಸೇರಿರುತ್ತದೆ. ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಹೊಸ ಸೆಲ್ ಹಾಕಿ ನೋಡಿ. ಅಜ್ಜಿ ಹಾಡಲಿ, ಮೊಮ್ಮಗ ನುಡಿಸಲಿ, ಬ್ಯಾಟರಿಯನ್ನು ಅಪ್ಪ ಹೊರಲಿ. ಹಾಡು ಮುಗಿದಾಗ ಪಕ್ಕದ ಮನೆಯವರು ‘ಇದರ ಅರ್ಥವೇನು?’ ಎಂದು ಕೇಳಿದರೆ, ನಿಧಾನವಾಗಿ ಹೇಳಿ. ರಾಜ್ಯೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಭಾಷಣ ಬೇಕಿಲ್ಲ.